ಹನ್ನೊಂದು ದೇಶ, ಒಂದು ದೊನ್ನೆ

ಫ್ಲಾರಿಡಾದ ಒರ್ಲ್ಯಾಂಡೊಗೆ ಹೋಗಿ ಬಂದವರ ಬಾಯಲ್ಲಿ ಒಂದು ಸಲಹೆ ತಪ್ಪದೆ ಬರುತ್ತದೆ. ಡಿಸ್ನಿ ದುಬಾರಿ, ಒಪ್ಪಿದೆ. ಆದರೆ ಒಂದು ಸಂಜೆ ಎಪ್ಕಾಟ್ ಪಾರ್ಕಿಗೆ ಹೋಗಿ, ಕೆರೆಯ ಸುತ್ತಲಿನ ಹನ್ನೊಂದು ದೇಶಗಳಲ್ಲಿ ಸ್ವಲ್ಪ ಸ್ವಲ್ಪ ತಿನ್ನುತ್ತ ಒಂದು ಸುತ್ತು ಬನ್ನಿ. ಊಟವೂ ಆಯಿತು, ಜಗತ್ತನ್ನೂ ನೋಡಿದಂತಾಯಿತು, ಕೊನೆಗೆ ಬಾಣಬಿರುಸು ಬೇರೆ! ಪ್ರವಾಸಿ ಕೈಪಿಡಿಗಳೂ ಇದನ್ನೇ ಹೇಳುತ್ತವೆ, ಅಮೆರಿಕದಲ್ಲಿರುವ ಮಗಳು ಊರಿಂದ ಬಂದ ಅಪ್ಪ ಅಮ್ಮನಿಗೂ ಇದನ್ನೇ ಹೇಳುತ್ತಾಳೆ. ಅಗ್ಗದ ಊಟ ಮತ್ತು ಒಳ್ಳೆಯ ಸಂಜೆ ಎರಡೂ ಒಂದೇ ಕಡೆ ಸಿಗುವ ಜಾಗವೆಂದು ಎಪ್ಕಾಟಿನ 'ವರ್ಲ್ಡ್ ಶೋಕೇಸ್' ಹೆಸರು ಮಾಡಿದೆ. ಈ ಹೆಸರು ಅದರ ಯೋಗ್ಯತೆಗೆ ಮೀರಿದ್ದು.

ವಾಲ್ಟ್ ಡಿಸ್ನಿ ಇಲ್ಲಿ ಇಪ್ಪತ್ತು ಸಾವಿರ ಜನ ವಾಸಿಸುವ ಊರು ಕಟ್ಟಬೇಕೆಂದಿದ್ದ, 1966ರಲ್ಲಿ ತೀರಿಕೊಂಡ, ಆ ಊರಿನ ಹೆಸರು ಮಾತ್ರ ಉಳಿದು 1982ರ ಅಕ್ಟೋಬರ್ 1ರಂದು ಕಾಯಂ ವಸ್ತುಪ್ರದರ್ಶನವೊಂದಕ್ಕೆ ಅಂಟಿಕೊಂಡಿತು ಎಂಬ ಕಥೆ ಬೇಕಾದಷ್ಟು ಸಲ ಹೇಳಿಯಾಗಿದೆ. ಮೆಕ್ಸಿಕೊದಿಂದ ಕೆನಡಾವರೆಗೆ ಸುಮಾರು ಎರಡು ಕಿಲೋಮೀಟರಿನ ದಾರಿ. ಕಟ್ಟಡಗಳ ಕುಸುರಿಯಲ್ಲಿ ಕೊರತೆಯಿಲ್ಲ. 1984ರಲ್ಲಿ ತೆರೆದ ಮೊರಾಕ್ಕೊ ಭಾಗಕ್ಕೆ ದೊರೆ ಎರಡನೆಯ ಹಸನ್ ತನ್ನ ನಾಡಿನ ಕುಶಲಕರ್ಮಿಗಳನ್ನೇ ಕಳಿಸಿದ್ದ. ಅಲ್ಲಿನ ಹೆಂಚಿನ ಕೆಲಸದ ಮುಂದೆ ಅರ್ಧ ಗಂಟೆ ನಿಂತರೂ ನಷ್ಟವಿಲ್ಲ. ಭಾರತಕ್ಕೆ ಇಲ್ಲಿ ಜಾಗ ಸಿಕ್ಕಿಲ್ಲ. ಬೇರೆ ಪಾರ್ಕಿನಲ್ಲಿ, ಅಂದರೆ ಅನಿಮಲ್ ಕಿಂಗ್‌ಡಮ್‌ನಲ್ಲಿ, ಭಾರತ ನೇಪಾಳಗಳನ್ನೆಲ್ಲ ಕಲಸಿ 'ಆನಂದಪುರ' ಎಂಬ ಕಲ್ಪಿತ ರಾಜ್ಯ ಮಾಡಿದ್ದಾರೆ. (ಅದೇ ಹೆಸರಿನ ಊರಿರುವ ಸಾಗರ ತಾಲೂಕಿನವರು ಹಿಗ್ಗಬೇಕಾಗಿಲ್ಲ.)

ಇಂಥ ಜಾಗದ ಬಗ್ಗೆ ಬರೆಯುವ ವಿಮರ್ಶಕರು ತಕ್ಷಣ ಇಟಲಿಯ ಚಿಂತಕ ಉಂಬರ್ಟೊ ಎಕೊನನ್ನೋ ಫ್ರಾನ್ಸಿನ ಚಿಂತಕ ಬೋದ್ರಿಲಾರನನ್ನೋ ಕರೆತರುತ್ತಾರೆ. ಎಲ್ಲವೂ ನಕಲಿ, ನಕಲಿಯೇ ಇಲ್ಲಿ ಅಸಲಿಗಿಂತ ಹೆಚ್ಚು ನಿಜ, ಹೊರಗಿನ ಅಮೆರಿಕ ನಿಜವೆಂದು ನಂಬಿಸಲಿಕ್ಕೇ ಒಳಗಿನ ಕಲ್ಪನೆ ಇರುವುದು, ಹೀಗೆ. ಎಕೊ ಬರೆದದ್ದು 1975ರಲ್ಲಿ, ಬೋದ್ರಿಲಾರನ ಪುಸ್ತಕ ಬಂದದ್ದು 1981ರಲ್ಲಿ. ಎಪ್ಕಾಟಿನ ಬಾಗಿಲು ಆಗಿನ್ನೂ ತೆರೆದಿರಲಿಲ್ಲ. ಬೋದ್ರಿಲಾರನ ಉದಾಹರಣೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡು. ಅದು ಅವರ ತಪ್ಪಲ್ಲ. ನಲವತ್ತು ವರ್ಷದಿಂದ ಅದೇ ಎರಡು ಪುಸ್ತಕಗಳನ್ನು ಎಲ್ಲ ಪಾರ್ಕುಗಳಿಗೂ ಮಂತ್ರದಂತೆ ಹೇಳುತ್ತ ಬಂದವರ ತಪ್ಪು. ಈ ಮಂತ್ರದಿಂದ ಡಿಸ್ನಿಗೆ ಉಪಕಾರವೇ ಆಗಿದೆ. ನಕಲಿ ಅಂದರೆ ಕಂಪನಿಗೆ ಬೇಜಾರಿಲ್ಲ, ಚೆಂದದ ನಕಲಿ ಮಾಡುವುದೇ ಅದರ ಕಸುಬು. ಬೆಲೆ ಎಷ್ಟು, ಹೊಟ್ಟೆ ತುಂಬಿತೇ, ಅಡುಗೆ ಮಾಡಿದವನ ಸಂಬಳವೆಷ್ಟು ಎಂದು ಕೇಳಿದರೆ ಕಷ್ಟ. ಅಲ್ಲಿನ ಕಾರ್ಮಿಕ ಸಂಘಗಳು ಗಂಟೆಗೆ 18 ಡಾಲರಿನ ಕನಿಷ್ಠ ವೇತನ ಪಡೆಯಲು 2023ರವರೆಗೆ ಚೌಕಾಸಿ ಮಾಡಬೇಕಾಯಿತು. ಇದು ಸಿದ್ಧಾಂತದ ಪುಸ್ತಕಗಳಲ್ಲಿ ಕಾಣುವುದು ಕಡಿಮೆ.

ತಟ್ಟೆಯ ವಿಷಯಕ್ಕೆ ಬರೋಣ. ವರ್ಲ್ಡ್ ಶೋಕೇಸಿನ ಊಟದ ಕೀರ್ತಿ ನಿಂತಿರುವುದು 1996ರಲ್ಲಿ ಶುರುವಾದ 'ಫುಡ್ ಅಂಡ್ ವೈನ್' ಹಬ್ಬದ ಮೇಲೆ. ಈಗ ವರ್ಷಕ್ಕೆ ನಾಲ್ಕು ಹಬ್ಬಗಳಾಗಿ, ಹಬ್ಬವಿಲ್ಲದ ದಿನ ಹುಡುಕಬೇಕಾಗಿದೆ. ದಾರಿಯುದ್ದಕ್ಕೂ ಮಳಿಗೆ, ಮಳಿಗೆಗೊಂದು ದೇಶ ಅಥವಾ ಒಂದು ರುಚಿ. ಕೆನಡಾ ಮಳಿಗೆಯ ಚೆಡ್ಡರ್ ಚೀಸ್ ಸೂಪನ್ನೇ ತೆಗೆದುಕೊಳ್ಳಿ. ಅದೇ ಕೆನಡಾ ಭಾಗದಲ್ಲಿರುವ 'ಲ ಸೆಲ್ಯೇ' ಎಂಬ ದುಬಾರಿ ರೆಸ್ಟೋರೆಂಟಿನ ಪ್ರಸಿದ್ಧ ಸೂಪು ಅದು; ಮಳಿಗೆಯಲ್ಲಿ ಸಣ್ಣ ಬಟ್ಟಲಿನಲ್ಲಿ ಸಿಗುತ್ತದೆ. ದುಬಾರಿ ಊಟದ ರುಚಿ ಅಗ್ಗಕ್ಕೆ ಸಿಕ್ಕಿತು ಎಂದು ಜನ ಸಾಲು ನಿಲ್ಲುತ್ತಾರೆ. ಹಬ್ಬ ಶುರುವಾಗುವುದು ಆಗಸ್ಟ್ ಕೊನೆಗೆ, ಫ್ಲಾರಿಡಾದಲ್ಲಿ ನಿಂತಲ್ಲೇ ಬೆವರಿಳಿಯುವ ಕಾಲದಲ್ಲಿ. ಆ ಸೆಕೆಯಲ್ಲಿ ಗಟ್ಟಿ, ಬಿಸಿ, ಬೇಕನ್ ಹಾಕಿದ ಚೀಸ್ ಸೂಪು! ಹಿಮ ಬೀಳುವ ನಾಡಿನಲ್ಲಿ ಅದು ಬೇಕಾಗಿ ಹುಟ್ಟಿದ ಅಡುಗೆ. ಇಲ್ಲಿ ಅದನ್ನು ಯಾರೂ ಬೇಕಾಗಿ ಕುಡಿಯುವುದಿಲ್ಲ. ಪಟ್ಟಿಯಲ್ಲಿ ಗುರುತು ಹಾಕಲು ಕುಡಿಯುತ್ತಾರೆ.

ರುಚಿಯಲ್ಲಿ ದೋಷವಿಲ್ಲ. ದೋಷ ಅಳತೆಯಲ್ಲಿದೆ, ಅದೂ ಬೇಕೆಂದೇ ಮಾಡಿದ್ದು. ತಿನಿಸುಗಳ ಬೆಲೆ ಹೆಚ್ಚಾಗಿ ಆರೇಳು ಡಾಲರಿನಿಂದ ಒಂಬತ್ತು ಹತ್ತರ ನಡುವೆ. ಕಾಗದದ ದೊನ್ನೆಯಲ್ಲಿ ಮೂರು ನಾಲ್ಕು ತುತ್ತು. ಮೊದಲನೆಯದರಲ್ಲಿ ಹೊಟ್ಟೆ ತುಂಬಿದರೆ ಮುಂದಿನ ದೇಶದ ವ್ಯಾಪಾರ ಕೆಡುತ್ತದೆ. ಹಸಿವನ್ನು ಉಳಿಸಿ ಕಳಿಸುವುದೇ ಇಲ್ಲಿನ ಪಾಕಶಾಸ್ತ್ರ. 'ಎಮೀಲ್ಸ್ ಫ್ರೊಮಾಜ್ ಮೊಂತಾಜ್' ಎಂಬ ಚೀಸ್ ಸುತ್ತಾಟದಲ್ಲಿ ಈ ಶಾಸ್ತ್ರ ಬಟಾಬಯಲು. ಪಟ್ಟಿಯಲ್ಲಿರುವ ಚೀಸ್ ತಿನಿಸುಗಳಲ್ಲಿ ಐದನ್ನು ಬೇರೆ ಬೇರೆ ಮಳಿಗೆಗಳಲ್ಲಿ ಕೊಂಡು, ಪುಸ್ತಿಕೆಯಲ್ಲಿ ಮುದ್ರೆ ಒತ್ತಿಸಿಕೊಂಡರೆ ಕೊನೆಗೊಂದು ಸಿಹಿ ಪುಕ್ಕಟೆ. ಐದಕ್ಕೆ ಕಡಿಮೆಯೆಂದರೂ ಮೂವತ್ತು ಡಾಲರ್. ಅದನ್ನು 'ಉಳಿತಾಯ' ಎಂದು ಬರೆದವರಿದ್ದಾರೆ!

ನಿಂತು ತಿನ್ನುವುದೇನೂ ಕೀಳಲ್ಲ. 1980ರ ದಶಕದಿಂದ ಬೆಂಗಳೂರಿನ ದರ್ಶಿನಿಗಳು ಅದನ್ನೇ ಕಲಿಸಿವೆ. ಕುರ್ಚಿ ಇಲ್ಲ, ಮಾಣಿ ಇಲ್ಲ, ಹಾಗಾಗಿ ಇಡ್ಲಿ ವಡೆಯ ಬೆಲೆ ಇಳಿಯುತ್ತದೆ. ಚಟ್ನಿ ಹುಳಿಯಾದರೆ ನಾಳೆ ಗಿರಾಕಿ ಎದುರಿನ ಹೋಟೆಲಿಗೆ ಹೋಗುತ್ತಾನೆ ಎಂಬ ಭಯ ಅಡುಗೆಮನೆಯಲ್ಲಿರುತ್ತದೆ. ಎಪ್ಕಾಟಿನಲ್ಲೂ ಕುರ್ಚಿ ಸಾಲದು, ಚಪ್ಪಟೆ ತಲೆಯ ಕಸದ ಡಬ್ಬಿಗಳೇ ಟೇಬಲ್ಲು. ಆದರೆ ಕುರ್ಚಿಯ ಉಳಿತಾಯ ತಿನ್ನುವವನ ಜೇಬಿಗೆ ಬರುವುದಿಲ್ಲ. ಎದುರಿನ ಹೋಟೆಲೂ ಡಿಸ್ನಿಯದೇ. ವರ್ಷದ ಪಾಸು ಇಟ್ಟುಕೊಂಡು ಆಗಾಗ ಬರುವ ಸ್ಥಳೀಯರಿದ್ದಾರೆ, ಅವರಿಗೆ ಇದು ಒಗ್ಗಿದೆ, ಅಲ್ಲಗಳೆಯಬೇಕಿಲ್ಲ. ಉಳಿದವರ ಪಾಲಿಗೆ ಒಂದು ದಿನದ ಟಿಕೆಟ್ಟು ಯಾವ ಋತುವಿನಲ್ಲೂ ನೂರು ಡಾಲರಿನ ಕೆಳಗಿಲ್ಲ. ಕಾರು ನಿಲ್ಲಿಸಲು ಬೇರೆ 30. ಈ ನೂರಮೂವತ್ತನ್ನು ಬಿಟ್ಟು ದೊನ್ನೆಯ ಬೆಲೆ ಮಾತ್ರ ಲೆಕ್ಕ ಹಿಡಿದರೆ ಅಗ್ಗವೇ.

ಪ್ರವಾಸಿ ಪಾರ್ಕು ಬಿಟ್ಟು ಕದಲದಿರುವುದು ಆಕಸ್ಮಿಕವಲ್ಲ. 2005ರಿಂದ 2021ರ ಕೊನೆಯವರೆಗೆ ಡಿಸ್ನಿ ತನ್ನ ಹೋಟೆಲುಗಳ ಅತಿಥಿಗಳನ್ನು ವಿಮಾನ ನಿಲ್ದಾಣದಿಂದ ಪುಕ್ಕಟೆ ಬಸ್ಸಿನಲ್ಲಿ ಕರೆತರುತ್ತಿತ್ತು. ಔದಾರ್ಯ ಎಂದು ಹೊಗಳಿಸಿಕೊಂಡ ಈ ಬಸ್ಸಿನ ಕೆಲಸ, ಅತಿಥಿ ಬಾಡಿಗೆ ಕಾರು ಹಿಡಿಯದಂತೆ ನೋಡಿಕೊಳ್ಳುವುದು. ಕಾರಿಲ್ಲದವನು ರಾತ್ರಿ ಹಸಿದರೆ ಎಲ್ಲಿಗೆ ಹೋದಾನು?

ಹೋಗಬೇಕಾದ ಜಾಗ ಈಶಾನ್ಯಕ್ಕೆ ಮೂವತ್ತು ಕಿಲೋಮೀಟರ್ ಆಚೆಗಿದೆ. ಮಿಲ್ಸ್ ಅವೆನ್ಯೂ ಮತ್ತು ಸ್ಟೇಟ್ ರೋಡ್ 50, ಅಂದರೆ ಕಲೋನಿಯಲ್ ಡ್ರೈವ್, ಕೂಡುವ ಬಡಾವಣೆಗೆ ಈಗ 'ಮಿಲ್ಸ್ 50' ಎನ್ನುತ್ತಾರೆ. 1975ರಲ್ಲಿ ಸೈಗಾನ್ ಬಿದ್ದಾಗ ಫ್ಲಾರಿಡಾದ ಎಗ್ಲಿನ್ ವಾಯುನೆಲೆಯಲ್ಲಿ ನಿರಾಶ್ರಿತರ ಶಿಬಿರ ತೆರೆದಿತ್ತು; ಮುಂದಿನ ವರ್ಷಗಳಲ್ಲಿ ಒರ್ಲ್ಯಾಂಡೊಗೆ ಬಂದ ವಿಯೆಟ್ನಾಮಿಯರು ಈ ರಸ್ತೆಯ ಕಡಿಮೆ ಬಾಡಿಗೆಯ ಅಂಗಡಿಸಾಲುಗಳಲ್ಲಿ ಬೀಡುಬಿಟ್ಟರು. ದಿನಸಿ ಅಂಗಡಿ, ಕ್ಷೌರದಂಗಡಿ, ಫೊ ಮಾರುವ ಹೋಟೆಲು. ನೋಡಲು ಏನೂ ಇಲ್ಲ: ಡಾಂಬರು, ವಿದ್ಯುತ್ ತಂತಿ, ನಿಯಾನ್ ಬೋರ್ಡು. ಮೊರಾಕ್ಕೊದ ಹೆಂಚಿನ ಮುಂದೆ ಇದು ಸೊನ್ನೆ.

ಫೊ ಬಟ್ಟಲು ಬಂದಾಗ ಲೆಕ್ಕ ತಿರುಗುತ್ತದೆ. ಎಲುಬು, ಚಕ್ಕೆ, ಚಕ್ರಮೊಗ್ಗು, ಸುಟ್ಟ ಶುಂಠಿ ಈರುಳ್ಳಿ ಹಾಕಿ ಗಂಟೆಗಟ್ಟಲೆ ಕುದಿಸಿದ ಸಾರು, ಅಕ್ಕಿ ಶಾವಿಗೆ, ತೆಳ್ಳಗೆ ಹೆಚ್ಚಿದ ಮಾಂಸ. ಪಕ್ಕದ ತಟ್ಟೆಯಲ್ಲಿ ಕಾಮಕಸ್ತೂರಿ ಜಾತಿಯ ಸೊಪ್ಪು, ಮೊಳಕೆ ಕಾಳು, ನಿಂಬೆ, ಹಸಿಮೆಣಸು. ಸೊಪ್ಪು ಕಿತ್ತು ಹಾಕುವುದು, ಹುಳಿ ಖಾರ ಹೊಂದಿಸುವುದು ತಿನ್ನುವವನ ಕೆಲಸ. ಅಡುಗೆಯವನು ಕೊನೆಯ ಮಾತನ್ನು ಗಿರಾಕಿಗೆ ಬಿಟ್ಟಿರುತ್ತಾನೆ. ಹದಿನೈದು ಡಾಲರಿನ ಆಸುಪಾಸಿನಲ್ಲಿ ಅದು ಪೂರ್ತಿ ಊಟ. ಸಸ್ಯಾಹಾರಿಗಳು ಸಾರಿನ ಬಗ್ಗೆ ಕೇಳಿಯೇ ಕೂರಬೇಕು. ಅವರಿಗೆ ತೋಫು ತುಂಬಿದ ಬಾನ್ ಮೀ ಬ್ರೆಡ್ಡಿದೆ, ಇನ್ನೂ ಅಗ್ಗ. ವರ್ಲ್ಡ್ ಶೋಕೇಸಿನ ಹನ್ನೊಂದು ದೇಶಗಳಲ್ಲಿ ವಿಯೆಟ್ನಾಂ ಇಲ್ಲ.

2022ರಲ್ಲಿ ಮಿಶೆಲಿನ್ ಕೈಪಿಡಿ ಫ್ಲಾರಿಡಾಕ್ಕೆ ಬಂದು ನಗರದೊಳಗಿನ 'ದೊಮು', 'ಝೀ ಏಷ್ಯನ್' ಮುಂತಾದ ಹೋಟೆಲುಗಳಿಗೆ ಮಿತ ಬೆಲೆಯ ಒಳ್ಳೆಯ ಊಟಕ್ಕೆ ಕೊಡುವ 'ಬಿಬ್ ಗುರ್ಮಾಂ' ಗೌರವ ಕೊಟ್ಟಿತು. ಊರಿಗೆ ಕೊನೆಗೂ ನ್ಯಾಯ ಸಿಕ್ಕಿತೆಂದು ಆಹಾರ ಅಂಕಣಕಾರರು ಸಂಭ್ರಮಿಸಿದರು. ಕೈಪಿಡಿಯನ್ನು ಕರೆಸಲು ಹಣ ಕೊಟ್ಟದ್ದು ಪ್ರವಾಸೋದ್ಯಮ ಸಂಸ್ಥೆಗಳೇ. ತೀರ್ಪು ತಪ್ಪೆಂದಲ್ಲ. ಆದರೆ ಮೂವತ್ತು ನಲವತ್ತು ವರ್ಷದಿಂದ ಸಾರು ಕುದಿಸುತ್ತಿದ್ದವರನ್ನು ಕಾಣಲು ಅಂಕಣಕಾರರಿಗೆ ಟೈರ್ ಕಂಪನಿಯೊಂದರ ಕನ್ನಡಕ ಬೇಕಾಯಿತು.

ರಾತ್ರಿಯ ಕಥೆ ಇನ್ನೂ ಕೆಟ್ಟದ್ದು. ಎಪ್ಕಾಟಿನಲ್ಲಿ ದೇಶದಿಂದ ದೇಶಕ್ಕೆ ಕುಡಿಯುತ್ತ ಹೋಗುವುದನ್ನು ರಾತ್ರಿಜೀವನ ಎನ್ನುತ್ತಾರಲ್ಲ, ಅದು ಸಾಮಾನ್ಯ ದಿನಗಳಲ್ಲಿ ಒಂಬತ್ತರ ಹೊತ್ತಿಗೆ ಮುಗಿಯುತ್ತದೆ. ನಿಜವಾದ ರಾತ್ರಿ ನಗರದಲ್ಲೇ ಇತ್ತು. 1974ರಲ್ಲಿ ಬಾಬ್ ಸ್ನೋ ಹಳೆಯ ರೈಲ್ವೆ ನಿಲ್ದಾಣದ ಬಳಿ 'ಚರ್ಚ್ ಸ್ಟ್ರೀಟ್ ಸ್ಟೇಷನ್' ಶುರುಮಾಡಿದ. ಪಾರ್ಕು ಮುಚ್ಚಿದ ಮೇಲೆ ಪ್ರವಾಸಿಗಳು ಜ್ಯಾಜ್ ಕೇಳಲು ಅಲ್ಲಿಗೆ ಹೋಗುತ್ತಿದ್ದರು. ಆ ದುಡ್ಡು ಹೊರಗೆ ಹೋಗುವುದನ್ನು ಡಿಸ್ನಿ ಎಷ್ಟು ದಿನ ನೋಡೀತು? 1989ರಲ್ಲಿ 'ಪ್ಲೆಷರ್ ಐಲ್ಯಾಂಡ್' ತೆರೆಯಿತು, ಒಂದೇ ಪ್ರವೇಶ ಶುಲ್ಕಕ್ಕೆ ಎಲ್ಲ ಕ್ಲಬ್ಬು, ಪ್ರತಿ ರಾತ್ರಿಯೂ ಹೊಸ ವರ್ಷದ ಆಚರಣೆ. 1999ರಲ್ಲಿ ಪ್ರತಿಸ್ಪರ್ಧಿ ಪಾರ್ಕು ಯೂನಿವರ್ಸಲ್ ಸಿಟಿವಾಕ್ ಎಂಬ ತನ್ನದೇ ರಾತ್ರಿಬೀದಿ ಸೇರಿಸಿತು. ಚರ್ಚ್ ಸ್ಟ್ರೀಟಿನ ಆಟ ಹೊಸ ಶತಮಾನದ ಮೊದಲಿಗೇ ಮುಗಿಯಿತು. ಪ್ಲೆಷರ್ ಐಲ್ಯಾಂಡಿನ ಕ್ಲಬ್ಬುಗಳನ್ನು 2008ರ ಸೆಪ್ಟೆಂಬರಿನಲ್ಲಿ ಡಿಸ್ನಿಯೇ ಮುಚ್ಚಿತು. ಅಲ್ಲೀಗ ಡಿಸ್ನಿ ಸ್ಪ್ರಿಂಗ್ಸ್ ಎಂಬ ಅಂಗಡಿ ಬೀದಿ.

ಊರಿನವರಿಗೆ ಬೇರೆಯೇ ರಾತ್ರಿಯಿದೆ ಎಂಬುದು ಹೊರಜಗತ್ತಿಗೆ ತಿಳಿದದ್ದು ದುರಂತದಿಂದ. 2016ರ ಜೂನ್ 12ರ ನಸುಕಿನಲ್ಲಿ ಪಲ್ಸ್ ಕ್ಲಬ್ಬಿನಲ್ಲಿ ಗುಂಡೇಟಿಗೆ 49 ಜನ ಸತ್ತರು. ಲ್ಯಾಟಿನ್ ಸಂಗೀತದ ರಾತ್ರಿ ಅದು. ಸತ್ತವರಲ್ಲಿ ಹಗಲು ಪಾರ್ಕುಗಳಲ್ಲಿ ದುಡಿಯುತ್ತಿದ್ದವರೂ ಇದ್ದರು.

ನೋಡುವ ಜಾಗಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಿಸ್ನಿಗಿಂತ ಇಪ್ಪತ್ತೆರಡು ವರ್ಷ ಮೊದಲು, 1949ರಲ್ಲಿ, ಓವನ್ ಗಾಡ್ವಿನ್ ಶುರುಮಾಡಿದ ಗೇಟರ್‌ಲ್ಯಾಂಡ್ ಇನ್ನೂ ಮೊಸಳೆ ತೋರಿಸುತ್ತಿದೆ. ವೆಕೈವಾ ಸ್ಪ್ರಿಂಗ್ಸ್ ರಾಜ್ಯ ಉದ್ಯಾನದಲ್ಲಿ ವರ್ಷವಿಡೀ 22 ಡಿಗ್ರಿಯಲ್ಲಿರುವ ಚಿಲುಮೆಯ ನೀರಿನಲ್ಲಿ ಈಜಬಹುದು, ಕಾರೊಂದಕ್ಕೆ ಆರು ಡಾಲರ್, ಒಳಗೆ ಇಬ್ಬರಿದ್ದರೂ ಎಂಟು ಜನರಿದ್ದರೂ ಅಷ್ಟೇ. ಕಾರಿಲ್ಲದವರಿಗೆ ಲಿಂಕ್ಸ್ ಎಂಬ ನಗರ ಸಾರಿಗೆ ಇದೆ. ಡಿಸ್ನಿಯಿಂದ ನಗರದ ಮುಖ್ಯ ನಿಲ್ದಾಣಕ್ಕೆ ಹೋಗುವ ಅದರ ಬಸ್ಸಿಗೆ ಎರಡು ಡಾಲರ್. ಪಾರ್ಕುಗಳ ಕೆಲಸಗಾರರು ಮನೆಗೆ ಹೋಗುವುದೂ ಅದರಲ್ಲೇ. ಊಟದ ಸಲಹೆಯನ್ನು ಅವರಿಂದ ಕೇಳಿ ಬರೆದ ಕೈಪಿಡಿ ಇನ್ನೂ ಬರಬೇಕಾಗಿದೆ.