ಯಾರ ನೋವಿಗೆ ಕಲಂ ಇದೆ?

ದಲಿತ ವಿಮರ್ಶೆ ಅಂದ ಕೂಡಲೆ ದಲಿತರು ಬರೆದ ಕತೆ, ಕಾವ್ಯ, ಆತ್ಮಕತೆಗಳನ್ನು ಮುಂದಿಟ್ಟುಕೊಂಡು ಕೂರುವುದು ರೂಢಿ. ನಾನಿಲ್ಲಿ ಓದಬೇಕೆಂದಿರುವುದು ಒಂದು ಕೋರ್ಟಿನ ತೀರ್ಪನ್ನು. ಅದೂ ನಮ್ಮ ದೇಶದ್ದಲ್ಲ. ಆಸಿಯಾ ಬೀಬಿ ಎಂಬ ಕ್ರೈಸ್ತ ಕೂಲಿ ಹೆಂಗಸನ್ನು ಗಲ್ಲಿನಿಂದ ಪಾರು ಮಾಡಿ 2018ರ ಅಕ್ಟೋಬರ್ 31ರಂದು ಪಾಕಿಸ್ತಾನದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ನಮ್ಮ ಸಂಚಿಕೆಗೂ ಇದಕ್ಕೂ ಏನು ಸಂಬಂಧ ಅಂತ ಗೆಳೆಯರು ಕೇಳಬಹುದು. ಆ ತೀರ್ಪಿನೊಳಗೆ ನಮಗೆ ಹುಟ್ಟಿದಾಗಿನಿಂದ ಗೊತ್ತಿರುವ ಒಂದು ವಸ್ತು ಇದೆ. ಅದು ಒಂದು ಲೋಟ ನೀರು.

2009ರ ಜೂನ್ 14. ಪಂಜಾಬ್ ಪ್ರಾಂತ್ಯದ ಇಟ್ಟನ್‌ವಾಲಿ ಎಂಬ ಹಳ್ಳಿ. ಹೆಂಗಸರು ತೋಟವೊಂದರಲ್ಲಿ ದಿನಗೂಲಿಗೆ ಫಾಲ್ಸಾ ಹಣ್ಣು ಬಿಡಿಸುತ್ತಿದ್ದರು. ಆಸಿಯಾ ಕೋರ್ಟಿಗೆ ಕೊಟ್ಟ ಹೇಳಿಕೆಯ ಪ್ರಕಾರ, ಆಕೆ ನೀರು ಕೊಡಲು ಹೋದಾಗ ಜೊತೆಯ ಅಕ್ಕತಂಗಿಯರಿಬ್ಬರು ‘ಕ್ರೈಸ್ತಳ ಕೈಯಿಂದ ನಾವು ನೀರು ಕುಡಿಯೋದಿಲ್ಲ’ ಅಂದರು. ಮಾತಿಗೆ ಮಾತು ಬೆಳೆಯಿತು. ಐದು ದಿನ ಕಳೆದ ಮೇಲೆ ಪೊಲೀಸರಿಗೆ ದೂರು ಹೋಯಿತು. ದೂರಿನಲ್ಲಿದ್ದದ್ದು ಪ್ರವಾದಿಯನ್ನು ನಿಂದಿಸಿದಳು ಎಂಬ ಆರೋಪ. 2010ರ ನವೆಂಬರ್‌ನಲ್ಲಿ ಕೆಳಗಿನ ಕೋರ್ಟು ಗಲ್ಲು ವಿಧಿಸಿತು. 2014ರಲ್ಲಿ ಲಾಹೋರ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆಕೆಯ ಪರ ನಿಂತ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್ 2011ರ ಜನವರಿ 4ರಂದು ತಮ್ಮ ಅಂಗರಕ್ಷಕನ ಗುಂಡಿಗೇ ಬಲಿಯಾದರು. ಅದೇ ವರ್ಷ ಮಾರ್ಚ್ 2ರಂದು ಅಲ್ಪಸಂಖ್ಯಾತರ ಖಾತೆಯ ಮಂತ್ರಿ ಶಹಬಾಜ್ ಭಟ್ಟಿಯವರ ಕೊಲೆಯಾಯಿತು. ಕೊನೆಗೆ ಆಸಿಯಾ ಜೈಲಿನಿಂದ ಹೊರಬಂದಾಗ ಒಂಬತ್ತು ವರ್ಷಗಳ ಮೇಲಾಗಿತ್ತು. ತನ್ನ ನೆಲದಲ್ಲಿ ಬದುಕಲಾಗದೆ 2019ರಲ್ಲಿ ಆಕೆ ಕೆನಡಾಕ್ಕೆ ಹೋಗಬೇಕಾಯಿತು.

ಜಗತ್ತು ಇದನ್ನು ಧಾರ್ಮಿಕ ಸ್ವಾತಂತ್ರ್ಯದ ಕತೆಯಾಗಿ ಓದಿತು. ತಪ್ಪಲ್ಲ. ಆದರೆ ಈ ಓದಿನಲ್ಲಿ ‘ಕ್ರೈಸ್ತ’ ಎಂಬ ಪದ ಬಹಳ ನುಣುಪಾಗಿ ಜಾರಿಹೋಗುತ್ತದೆ. ಮುಸ್ಲಿಮರು ಕ್ರೈಸ್ತರ ಕೈಯ ನೀರು ಕುಡಿಯಬಾರದು ಎಂದು ಇಸ್ಲಾಂ ಹೇಳುವುದಿಲ್ಲ. ಹಾಗಾದರೆ ಆ ತೋಟದೊಳಕ್ಕೆ ಈ ಮೈಲಿಗೆ ಬಂದದ್ದೆಲ್ಲಿಂದ? ಪಂಜಾಬಿನ ಚರಿತ್ರೆ ಉತ್ತರ ಹೇಳುತ್ತದೆ. 1873ರಲ್ಲಿ ಸಿಯಾಲ್‌ಕೋಟ್ ಸೀಮೆಯಲ್ಲಿ ದಿತ್ತ್ ಎಂಬ, ಕಾಲು ಊನವಾದ, ತೊಗಲಿನ ವ್ಯಾಪಾರ ಮಾಡುತ್ತಿದ್ದ ಅಸ್ಪೃಶ್ಯನೊಬ್ಬ ಕ್ರೈಸ್ತನಾದ. ಅವನ ಹಿಂದೆ ಅವನ ಚೂಹ್ರಾ ಜಾತಿಯವರು ಸಾವಿರ ಸಾವಿರ ಸಂಖ್ಯೆಯಲ್ಲಿ ಆ ದಾರಿ ಹಿಡಿದರು. ಇವತ್ತಿನ ಪಾಕಿಸ್ತಾನಿ ಪಂಜಾಬಿನ ಕ್ರೈಸ್ತರಲ್ಲಿ ಬಹುಪಾಲು ಇವರ ವಂಶದವರು. ದೇವರು ಬದಲಾದ, ಕೈಯಲ್ಲಿದ್ದ ಪೊರಕೆ ಬದಲಾಗಲಿಲ್ಲ. ಜಾತಿಯ ಹೆಸರು ಅಲ್ಲಿ ಇನ್ನೂ ಬೈಗುಳವಾಗಿ ಉಳಿದಿದೆ. ಕಸ ಗುಡಿಸುವ ಕೆಲಸಕ್ಕೆ ಮುಸ್ಲಿಮೇತರರೇ ಅರ್ಜಿ ಹಾಕಬೇಕು ಅಂತ ಸರ್ಕಾರಿ ಜಾಹೀರಾತುಗಳು ಬಂದಿವೆ. ಜಾತಿಗೆ ಧರ್ಮದ ಗಡಿ ದಾಟಲು ಪಾಸ್‌ಪೋರ್ಟು ಬೇಕಾಗಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ತೀರ್ಪಿಗೆ ಬರೋಣ. ಅದು ಧೈರ್ಯದ ತೀರ್ಪು. ಅದನ್ನು ಬರೆದವರ ತಲೆಗೂ ಬೆದರಿಕೆ ಬಂದಿತ್ತು. ಸಾಕ್ಷಿಗಳ ಮಾತಿನಲ್ಲಿದ್ದ ತೊಡಕುಗಳನ್ನು ನ್ಯಾಯಮೂರ್ತಿಗಳು ಒಂದೊಂದಾಗಿ ಬಿಡಿಸಿಡುತ್ತಾರೆ. ಊರವರ ಮುಂದೆ ಆಸಿಯಾ ತಪ್ಪೊಪ್ಪಿಕೊಂಡಳು ಎನ್ನಲಾದ ಆ ಸಭೆಯಲ್ಲಿ ಒಬ್ಬರಿಗೆ ನೂರು ಜನ ಕಂಡಿದ್ದರು, ಇನ್ನೊಬ್ಬರಿಗೆ ಸಾವಿರ, ಮತ್ತೊಬ್ಬರಿಗೆ ಎರಡು ಸಾವಿರಕ್ಕೂ ಮೇಲೆ. ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಆಸಿಫ್ ಸಯೀದ್ ಖೋಸಾ ನೀರಿನ ಜಗಳವನ್ನು ಗಟ್ಟಿಯಾಗಿ ಹಿಡಿದರು. ಅಕ್ಕತಂಗಿಯರು ಅದನ್ನು ಮುಚ್ಚಿಟ್ಟಿದ್ದರು, ಬೇರೆ ಸಾಕ್ಷಿಗಳು ಒಪ್ಪಿಕೊಂಡಿದ್ದರು. ಆಕೆಯ ಧರ್ಮಕ್ಕೆ ಆದ ಅವಮಾನವೂ ನಿಂದನೆಗೆ ಕಡಿಮೆಯಲ್ಲ ಅನ್ನುವವರೆಗೂ ಅವರು ಹೋಗುತ್ತಾರೆ. ಶೇಕ್ಸ್‌ಪಿಯರನ ಲಿಯರ್ ದೊರೆಯನ್ನೂ ನೆನೆಯುತ್ತಾರೆ.

ಇಷ್ಟೆಲ್ಲ ಆದರೂ ಆ ನೀರು ತೀರ್ಪಿನಲ್ಲಿ ಏನು ಕೆಲಸ ಮಾಡುತ್ತದೆ ಅಂತ ಗಮನಿಸಬೇಕು. ಅದು ಸಾಕ್ಷಿಗಳನ್ನು ಅನುಮಾನಿಸಲು ಒಂದು ಕಾರಣವಾಗಿ ಬರುತ್ತದೆ. ಕೈಯ ನೀರನ್ನು ಹೇಸಿದ್ದು ಒಂದು ಅಪರಾಧವಾಗಿ ಎಲ್ಲೂ ಎದ್ದು ನಿಲ್ಲುವುದಿಲ್ಲ. ಅವಮಾನವಾದದ್ದು ಆಕೆಯ ಧರ್ಮಕ್ಕೆ ಅಂತ ಖೋಸಾ ಓದುತ್ತಾರೆ. ಆಕೆಯ ಕೈಗೆ ಆದ ಅವಮಾನ ಅಲ್ಲೇ ಉಳಿದುಬಿಡುತ್ತದೆ. ಅಂಗೈಗೆ ಎತ್ತರದಿಂದ ಹೊಯ್ಯುತ್ತಿದ್ದ ನೀರನ್ನು ಬೊಗಸೆಯೊಡ್ಡಿ ಕುಡಿದ ಅಜ್ಜಿಯನ್ನು ಕಂಡ ನನ್ನಂಥವನಿಗೆ ಈ ವ್ಯತ್ಯಾಸ ಸಣ್ಣದು ಅನ್ನಿಸುವುದಿಲ್ಲ.

ಇದು ನ್ಯಾಯಮೂರ್ತಿಗಳ ಮನಸ್ಸಿನ ಕೊರತೆಯಲ್ಲ, ಕಾನೂನಿನ ಭಾಷೆಯ ಕೊರತೆ. ಎದುರಿನವರ ನೋವಿಗೆ ಕಲಂ ಇತ್ತು: 295-ಸಿ. 1986ರಲ್ಲಿ ಜಿಯಾ ಉಲ್ ಹಕ್ ಕಾಲದಲ್ಲಿ ಸೇರಿದ್ದು, ಮರಣದಂಡನೆಯವರೆಗೂ ಹೋಗುವಂಥದ್ದು. ಆಸಿಯಾಳ ನೋವಿಗೆ ಯಾವ ಕಲಂ ಇತ್ತು? ಆ ದೇಶದ ಮೊದಲ ಕಾನೂನು ಮಂತ್ರಿ ಜೋಗೇಂದ್ರನಾಥ ಮಂಡಲ್ ಬಂಗಾಳದ ದಲಿತ ನಾಯಕ. ಅವರು 1950ರಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ಮರಳಿದರು. ಪಾಕಿಸ್ತಾನದ 1956ರ ಸಂವಿಧಾನದಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿಯೊಂದಿತ್ತು. 1973ರ ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಆ ಪದವೇ ಇಲ್ಲ. ಪದ ಹೋಯಿತು, ಆಚರಣೆ ಉಳಿಯಿತು.

ಈ ಕಾನೂನಿನ ಬೇರು ಎರಡೂ ದೇಶಕ್ಕೆ ಒಂದೇ. 1860ರ ಬ್ರಿಟಿಷ್ ದಂಡಸಂಹಿತೆಗೆ ಧಾರ್ಮಿಕ ಭಾವನೆ ಕೆರಳಿಸುವುದನ್ನು ಶಿಕ್ಷಿಸುವ 295-ಎ ಸೇರಿದ್ದು 1927ರಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ಮೇಲ್ಜಾತಿಯವರು ಆ ಕೆರೆಯನ್ನು ಸೆಗಣಿ, ಗಂಜಲ ಹಾಕಿ ಶುದ್ಧ ಮಾಡಿದರು. ಅಂದರೆ ನೊಂದ ಭಕ್ತರಿಗೆ ಕಲಂ ಸಿಕ್ಕ ವರ್ಷವೇ ನಮ್ಮವರಿಗೆ ಸಿಕ್ಕಿದ್ದು ಲಾಠಿ ಪೆಟ್ಟು. ನಮ್ಮಲ್ಲಿ 17ನೇ ವಿಧಿ ಬಂದದ್ದು ಆಮೇಲೆ.

ಬಂದ ಮೇಲಾದರೂ ಎಲ್ಲರಿಗೂ ಬಂತೆ? 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಧರ್ಮಕ್ಕೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ಕ್ರೈಸ್ತನಾದ, ಮುಸ್ಲಿಮನಾದ ದಲಿತ ಇನ್ನೂ ಹೊರಗಿದ್ದಾನೆ. ಅವನಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆ ಇಲ್ಲ. ಚರ್ಚಿಗೆ ಹೋದವನ ಜಾತಿ ಊರಿಗೆ ನೆನಪಿರುತ್ತದೆ, ಸರ್ಕಾರಕ್ಕೆ ಮಾತ್ರ ಮರೆತುಹೋಗುತ್ತದೆ! 2022ರ ನವೆಂಬರ್‌ನಲ್ಲಿ ನಮ್ಮ ಚಾಮರಾಜನಗರದ ಹೆಗ್ಗೊಠಾರದಲ್ಲಿ ದಲಿತ ಹೆಂಗಸೊಬ್ಬರು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರು ಅಂತ ತೊಂಬೆ ಖಾಲಿ ಮಾಡಿಸಿ ಗಂಜಲದಿಂದ ತೊಳೆದರು. ಆ ತಾಯಿ ಕ್ರೈಸ್ತಳಾಗಿದ್ದಿದ್ದರೆ ದೌರ್ಜನ್ಯ ಕಾಯ್ದೆಯ ಯಾವ ಕಲಮಿನಡಿ ದೂರು ಕೊಡುತ್ತಿದ್ದರು?

ಎಲ್ಲವನ್ನೂ ಜಾತಿಗೇ ಕಟ್ಟುತ್ತೀರಿ ಎಂಬ ಆಕ್ಷೇಪ ಬರುತ್ತದೆ, ಬರಲಿ. ಪಾಕಿಸ್ತಾನದ ಅಹಮದೀಯರ ಕತೆ ಬೇರೆ. 1974ರಲ್ಲಿ ಅವರನ್ನು ಮುಸ್ಲಿಮೇತರರೆಂದು ಸಾರಿದರು. 1984ರ ಸುಗ್ರೀವಾಜ್ಞೆಯ ಮೇಲೆ, ತಾವು ಮುಸ್ಲಿಮರು ಅಂತ ಹೇಳಿಕೊಂಡರೂ ಅವರಿಗೆ ಮೂರು ವರ್ಷದವರೆಗೆ ಜೈಲು. ಅಲ್ಲಿ ಸೆರೆಗೆ ಹೋಗುತ್ತಿರುವುದು ನಂಬಿಕೆಯೇ. ಆ ನೋವನ್ನು ಆ ಹೆಸರಿನಿಂದಲೇ ಕರೆಯಬೇಕು. ಆಸಿಯಾಳದ್ದನ್ನು ಕೂಡ ಅದರ ಹೆಸರಿನಿಂದ ಕರೆಯಬೇಕು ಅನ್ನುವುದಷ್ಟೇ ನನ್ನ ವಾದ.

ಹೆಸರಿಡದೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇವೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ಕಾಲಕ್ಕೆ ಪಾಕಿಸ್ತಾನದ ಕ್ರೈಸ್ತರ ಸಂಕಟ ನಮ್ಮಲ್ಲಿ ಕೆಲವರ ಬಾಯಲ್ಲಿ ಬೆಲ್ಲದಂತೆ ಕರಗಿತು. ಆ ಕಾಯ್ದೆಯಲ್ಲಿ ಅಹಮದೀಯರಿಗೆ ಜಾಗವಿರಲಿಲ್ಲ. ಹಾಗೆ ಕಣ್ಣೀರಿಟ್ಟವರು ತಮ್ಮೂರ ತೊಂಬೆಯ ಬಗ್ಗೆ ಬಾಯಿ ಬಿಡಲಿಲ್ಲ. ನಾವೂ ಅಷ್ಟೆ. ಅವರ ಕೈಗೆ ಕೋಲು ಕೊಟ್ಟಂತಾದೀತು ಅಂತ ಹೆದರಿ ಆಸಿಯಾಳ ಬಗ್ಗೆ ಬಹಳ ಕಾಲ ಸುಮ್ಮನಿದ್ದೆವು. ಈ ಮೌನದ ಲೆಕ್ಕ ನಾವೇ ಕೊಡಬೇಕು.

ದಲಿತ ವಿಮರ್ಶೆ ಎಂಬುದಕ್ಕೆ ಒಂದು ಕೆಲಸವಿದ್ದರೆ ಅದು ಇಂಥ ದಾಖಲೆಗಳನ್ನು ಓದುವುದು. ದೂರು, ಹೇಳಿಕೆ, ತೀರ್ಪುಗಳಲ್ಲಿ ಯಾರ ನೋವಿಗೆ ಕಲಂ ಸಿಕ್ಕಿದೆ, ಯಾರದ್ದು ಬರೀ ಜಗಳವಾಗಿ ಉಳಿದಿದೆ ಅಂತ ಕೇಳುವುದು. ಇಟ್ಟನ್‌ವಾಲಿಯ ಆ ಹೆಂಗಸು ನಿರಪರಾಧಿ ಅಂತ ತೀರ್ಮಾನವಾಯಿತು. ಆಕೆ ತಂದ ನೀರಿನ ಕೇಸು ಮಾತ್ರ ಇನ್ನೂ ಯಾವ ಕೋರ್ಟಿನಲ್ಲೂ ದಾಖಲಾಗಿಲ್ಲ.