ಕೈರೋ ಸಮ್ಮೇಳನ ಮತ್ತು ವಾದ್ಯಗಳ ಪ್ರಶ್ನೆ: ಒಂದು ವಿಮರ್ಶಾತ್ಮಕ ಅವಲೋಕನ

ಪರಂಪರೆಯ ವಾದ್ಯಗಳ ಅಳಿವು ಉಳಿವುಗಳನ್ನು ಕುರಿತು ವಿದ್ವಾಂಸರು ಒಂದೆಡೆ ಕಲೆತು ನಡೆಸಿದ ಚರ್ಚೆಗಳಲ್ಲಿ 1932ರ ಅರಬ್ ಸಂಗೀತ ಸಮ್ಮೇಳನಕ್ಕೆ ವಿಶಿಷ್ಟ ಸ್ಥಾನವಿದೆ. ಈಜಿಪ್ಟಿನ ದೊರೆ ಮೊದಲನೆಯ ಫುಆದ್‌ನ ಆಶ್ರಯದಲ್ಲಿ ಆ ವರ್ಷದ ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ ಕೈರೋ ನಗರದಲ್ಲಿ ನಡೆದ ಈ ಸಮ್ಮೇಳನಕ್ಕೆ ಅರಬ್ ನಾಡುಗಳ ಕಲಾವಿದರಲ್ಲದೆ ಬೇಲಾ ಬಾರ್ಟೋಕ್, ಪಾಲ್ ಹಿಂಡೆಮಿಟ್, ಹೆನ್ರಿ ಜಾರ್ಜ್ ಫಾರ್ಮರ್, ಎರಿಕ್ ಫಾನ್ ಹಾರ್ನ್‌ಬೋಸ್ಟೆಲ್, ರಾಬರ್ಟ್ ಲಾಖ್‌ಮನ್ ಮೊದಲಾದ ಯುರೋಪಿನ ವಿದ್ವಾಂಸರೂ ಆಗಮಿಸಿದ್ದರು. ಕಾರ್ಯಕಲಾಪಗಳು ಏಳು ಸಮಿತಿಗಳಲ್ಲಿ ಹಂಚಿಕೆಯಾಗಿದ್ದವು. ಅವುಗಳಲ್ಲಿ ವಾದ್ಯಗಳ ಸಮಿತಿಯ ಅಧ್ಯಕ್ಷತೆಯನ್ನು ವಹಿಸಿದವನು ಬರ್ಲಿನ್ನಿನ ಕುರ್ಟ್ ಸಾಕ್ಸ್. ಈ ಸಮಿತಿ ಎತ್ತಿಕೊಂಡ ಪ್ರಶ್ನೆಯನ್ನೂ ಅದು ಗಮನಿಸದೆ ಬಿಟ್ಟ ಪ್ರಶ್ನೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಾಕ್ಸ್ ಬರ್ಲಿನ್ನಿನ ವಾದ್ಯಸಂಗ್ರಹಾಲಯದ ಮುಖ್ಯಸ್ಥನಾಗಿದ್ದವನು. ಹಾರ್ನ್‌ಬೋಸ್ಟೆಲ್‌ನೊಡನೆ ಕೂಡಿ ಅವನು 1914ರಲ್ಲಿ ಪ್ರಕಟಿಸಿದ ವಾದ್ಯ ವರ್ಗೀಕರಣ ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಬಳಕೆಯಲ್ಲಿದೆ. ಈ ವರ್ಗೀಕರಣದ ಬೇರು ಭಾರತಕ್ಕೂ ಚಾಚಿದೆ ಎಂಬುದು ಗಮನಾರ್ಹ. ಸೌರೀಂದ್ರ ಮೋಹನ ಟಾಗೋರ್ 1876ರಲ್ಲಿ ಬೆಲ್ಜಿಯಂ ದೊರೆಗೆ ಭಾರತೀಯ ವಾದ್ಯಗಳ ಸಂಗ್ರಹವೊಂದನ್ನು ಕಾಣಿಕೆಯಾಗಿ ಕಳುಹಿಸಿದರು. ಬ್ರಸೆಲ್ಸ್ ಸಂಗ್ರಹಾಲಯದ ಮೊದಲ ಪಾಲಕನಾದ ವಿಕ್ಟರ್ ಮಾಹಿಯೋ 1880ರಲ್ಲಿ ತನ್ನ ಸೂಚಿಯ ಮೊದಲ ಸಂಪುಟವನ್ನು ಹೊರತಂದಾಗ ವಾದ್ಯಗಳನ್ನು ನಾಲ್ಕು ವರ್ಗಗಳಲ್ಲಿ ಜೋಡಿಸಿದನು. ನಾಟ್ಯಶಾಸ್ತ್ರದ ತತ, ಸುಷಿರ, ಅವನದ್ಧ, ಘನ ಎಂಬ ವಿಭಜನೆಗೆ ಈ ಕ್ರಮ ಬಹು ಸಮೀಪದ್ದು. ಸಾಕ್ಸ್ ಮತ್ತು ಹಾರ್ನ್‌ಬೋಸ್ಟೆಲ್ ಮಾಹಿಯೋನ ಕ್ರಮವನ್ನೇ ವಿಸ್ತರಿಸಿದರು. ನಾದ ಯಾವುದರಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಈ ಕ್ರಮ ಖಚಿತ ಉತ್ತರ ನೀಡುತ್ತದೆ. ಆದರೆ ವಾದ್ಯವನ್ನು ಯಾರು ನುಡಿಸುತ್ತಾರೆ, ಯಾರಿಗಾಗಿ ನುಡಿಸುತ್ತಾರೆ ಎಂಬುದು ಅದರ ವ್ಯಾಪ್ತಿಗೆ ಸೇರಿದ್ದಲ್ಲ. ಕೈರೋ ಸಮಿತಿಯ ಬಲವೂ ಮಿತಿಯೂ ಇಲ್ಲಿಯೇ ಅಡಗಿವೆ.

ಸಮಿತಿಯಲ್ಲಿ ತೀವ್ರ ವಾಗ್ವಾದಕ್ಕೆ ಕಾರಣವಾದದ್ದು ಪಾಶ್ಚಾತ್ಯ ವಾದ್ಯಗಳ ಪ್ರವೇಶ. ತಮ್ಮ ಸಂಗೀತ ಕಾಲದೊಡನೆ ಮುನ್ನಡೆಯಬೇಕಾದರೆ ಪಿಯಾನೊ, ಚೆಲ್ಲೊ ಮುಂತಾದವು ಬೇಕೆಂಬುದು ಈಜಿಪ್ಟಿನ ಹಲವು ಸದಸ್ಯರ ವಾದ. ಅವು ಅರಬ್ ಸಂಗೀತದ ಸ್ವಭಾವವನ್ನೇ ಕೆಡಿಸುತ್ತವೆ ಎಂಬುದು ಸಾಕ್ಸ್ ಮತ್ತು ಅವನ ಸಂಗಡಿಗರ ಆತಂಕ. ಪಿಯಾನೊ ಕುರಿತ ಆಕ್ಷೇಪಕ್ಕೆ ಶಾಸ್ತ್ರೀಯ ಆಧಾರವಿತ್ತು. ಅರಬ್ ಸಂಗೀತದ ಮಖಾಮ್‌ಗಳಲ್ಲಿ ಬರುವ ನಡುವಣ ಸ್ವರಗಳು ಪಿಯಾನೊದ ಹನ್ನೆರಡು ಸ್ಥಿರ ಮನೆಗಳಿಗೆ ನಿಲುಕುವುದಿಲ್ಲ. ಈ ಕೊರತೆಯನ್ನು ನೀಗಿಸಲು ಕಾಲುಸ್ವರಗಳ ಪಿಯಾನೊಗಳನ್ನು ರೂಪಿಸಿ ಸಮ್ಮೇಳನದ ಮುಂದಿರಿಸಿದವರೂ ಇದ್ದರು. ಆದರೆ ಸ್ಥಾಯಿಯನ್ನು ಇಪ್ಪತ್ತನಾಲ್ಕು ಸಮಭಾಗಗಳಾಗಿ ವಿಂಗಡಿಸುವುದು ಸರಿಯೇ ಎಂಬ ಮೂಲಪ್ರಶ್ನೆಯಲ್ಲಿಯೇ ಸಮ್ಮೇಳನಕ್ಕೆ ಒಮ್ಮತ ಸಾಧ್ಯವಾಗಲಿಲ್ಲ.

ಚೆಲ್ಲೊ ಕುರಿತ ವಿರೋಧ ಇಷ್ಟು ಗಟ್ಟಿಯಾದುದಲ್ಲ. ಊದ್, ಖಾನೂನ್, ನಾಯ್, ರಿಕ್ ವಾದ್ಯಗಳಿಂದ ಕೂಡಿದ 'ತಖ್ತ್' ಎಂಬ ಮೇಳದಲ್ಲಿ ಯುರೋಪಿನ ಪಿಟೀಲು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ನೆಲೆಗೊಂಡಿತ್ತು. ಮೆಟ್ಟಿಲುಗಳಿಲ್ಲದ ಆ ವಾದ್ಯ ಬೆರಳಿನ ಇಚ್ಛೆಯಂತೆ ಯಾವ ಸ್ವರವನ್ನಾದರೂ ಹಿಡಿಯಬಲ್ಲದು. ಚೆಲ್ಲೊಗೂ ಅದೇ ಗುಣವಿದೆ. ಹೀಗಿರುವಾಗ ಪಿಟೀಲನ್ನು ಒಪ್ಪಿ ಚೆಲ್ಲೊವನ್ನು ತಳ್ಳುವುದು ಶಾಸ್ತ್ರದ ತೀರ್ಮಾನವಾಗದೆ ಅಭಿರುಚಿಯ ತೀರ್ಮಾನವಾಗುತ್ತದೆ. ವಾದ್ಯದ ಹುಟ್ಟೂರನ್ನು ಕೇಳುವ ಬದಲು ಆ ಸಂಗೀತದ ಸ್ವರಗಳನ್ನು ಅದು ನುಡಿಯಬಲ್ಲದೇ ಎಂದು ಕೇಳಿದ್ದರೆ ಸಮಿತಿಯ ಚರ್ಚೆ ಹೆಚ್ಚು ಫಲಪ್ರದವಾಗುತ್ತಿತ್ತು.

ಭಾರತದ ಅನುಭವವೂ ಈ ಮಾತನ್ನು ಸಮರ್ಥಿಸುತ್ತದೆ. ಪಿಟೀಲು ಕರ್ನಾಟಕ ಸಂಗೀತದಲ್ಲಿ ಪರಕೀಯವಾಗಿ ಉಳಿಯಲಿಲ್ಲ, ಮೈಸೂರಿನ ಟಿ. ಚೌಡಯ್ಯನವರು ನಾದದ ಪುಷ್ಟಿಗಾಗಿ ಅದಕ್ಕೆ ಏಳು ತಂತಿಗಳನ್ನು ಅಳವಡಿಸಿಕೊಂಡರು. ಸ್ಥಿರ ಮನೆಗಳ ಹಾರ್ಮೋನಿಯಂ 1940ರಲ್ಲಿ ಆಕಾಶವಾಣಿಯ ನಿಷೇಧಕ್ಕೆ ಗುರಿಯಾಯಿತು. 1970ರ ದಶಕದವರೆಗೆ ಆ ನಿರ್ಬಂಧ ಸಡಿಲಗೊಳ್ಳದಿದ್ದರೂ ರಂಗಭೂಮಿಯಲ್ಲಿ, ಭಜನಾಮಂದಿರಗಳಲ್ಲಿ ಅದರ ಬಳಕೆ ನಿಲ್ಲಲಿಲ್ಲ. ಕೈರೋದಲ್ಲಿಯೂ ಹೀಗೆಯೇ ಆಯಿತು. ಚೆಲ್ಲೊ ಮತ್ತು ಡಬಲ್ ಬಾಸ್‌ಗಳು ದೊಡ್ಡ ಮೇಳಗಳಲ್ಲಿ ಸಹಜವಾಗಿ ಸೇರಿಕೊಂಡವು. 1964ರಲ್ಲಿ ಉಮ್ ಕುಲ್ಸೂಮ್ ಹಾಡಿದ 'ಇನ್ತ ಉಮ್ರಿ' ಕೃತಿಯಲ್ಲಿ ವಿದ್ಯುತ್ ಗಿಟಾರ್ ಕೂಡ ಕೇಳಿಬಂದಿತು.

ಸಮ್ಮೇಳನದ ನಿಜವಾದ ಗಳಿಕೆ ಅದರ ಧ್ವನಿಮುದ್ರಣಗಳು. ಲಾಖ್‌ಮನ್ ನೇತೃತ್ವದ ಸಮಿತಿ ಮೊರಾಕ್ಕೊದಿಂದ ಇರಾಕಿನವರೆಗಿನ ಕಲಾವಿದರ ಸಂಗೀತವನ್ನು ತಟ್ಟೆಗಳಲ್ಲಿ ದಾಖಲಿಸಿತು. 2015ರಲ್ಲಿ ಅವು 18 ಸಿಡಿಗಳ ಸಂಪುಟವಾಗಿ ಹೊರಬಂದಿವೆ. ಇರಾಕಿನ ಗಾಯಕ ಮುಹಮ್ಮದ್ ಅಲ್ ಖುಬ್ಬಾಂಜಿಯ ತಂಡ ಅಲ್ಲಿ ಸಂತೂರ್ ಹಾಗೂ ತೆಂಗಿನ ಚಿಪ್ಪಿನಿಂದ ಮಾಡುವ ಜೋಜಾ ಎಂಬ ಕಮಾನುವಾದ್ಯವನ್ನು ನುಡಿಸಿತ್ತು. ಆ ತಂಡದ ವಾದಕರಲ್ಲಿ ಬಹುತೇಕರು ಯೆಹೂದ್ಯರು. 1950-51ರಲ್ಲಿ ಇರಾಕಿನ ಯೆಹೂದ್ಯರಲ್ಲಿ ಬಹುಪಾಲು ಜನ ದೇಶವನ್ನು ತೊರೆದಾಗ ಆ ವಾದ್ಯಗಳನ್ನು ಬಲ್ಲ ಕೈಗಳು ಬಾಗ್ದಾದಿನಲ್ಲಿ ವಿರಳವಾದವು. ಸಮ್ಮೇಳನದ ಮರುವರ್ಷವೇ, 1933ರಲ್ಲಿ, ಸಾಕ್ಸ್, ಹಾರ್ನ್‌ಬೋಸ್ಟೆಲ್, ಲಾಖ್‌ಮನ್ ಮೂವರೂ ನಾಜಿ ಆಡಳಿತದಿಂದಾಗಿ ಜರ್ಮನಿಯಲ್ಲಿನ ತಮ್ಮ ಹುದ್ದೆಗಳನ್ನು ಕಳೆದುಕೊಂಡಿದ್ದರು.

ಪಿಯಾನೊ ಬಂದರೆ ಪರಂಪರೆ ಅಳಿಯುವುದೆಂದು ಸಮಿತಿ ಚಿಂತಿಸಿತು. ಸಂತೂರ್ ಮತ್ತು ಜೋಜಾಗಳಿಗೆ ಬಂದ ಅಪಾಯವಾದರೋ ಅನ್ಯವಾದ್ಯದಿಂದ ಬಂದುದಲ್ಲ. ನುಡಿಸುವವರೇ ಊರು ಬಿಡಬೇಕಾದ ಪರಿಸ್ಥಿತಿಯಿಂದ ಬಂದುದು. ವರ್ಗೀಕರಣ, ಅಳತೆ, ಸೂಚಿಗಳು ವಾದ್ಯಶಾಸ್ತ್ರಕ್ಕೆ ಅನಿವಾರ್ಯ. ಅವುಗಳಿಲ್ಲದೆ ಹೋಲಿಕೆ ಸಾಧ್ಯವಿಲ್ಲ. ಆದರೆ ವಾದಕನ ಬದುಕನ್ನು ಹೊರಗಿಟ್ಟ ವಾದ್ಯಚರಿತ್ರೆ ಅಪೂರ್ಣವೆಂಬುದನ್ನು ಕೈರೋ ಸಮ್ಮೇಳನದ ನಂತರದ ಇತಿಹಾಸ ಸ್ಪಷ್ಟಪಡಿಸುತ್ತದೆ. ಪ್ರಾಚೀನ ವಾದ್ಯಗಳನ್ನು ಕುರಿತು ನಡೆಯುವ ಯಾವುದೇ ವಿಚಾರಗೋಷ್ಠಿ ತನ್ನ ವಿಷಯಸೂಚಿಯಲ್ಲಿ ವಾದ್ಯದ ಪಕ್ಕದಲ್ಲಿಯೇ ವಾದಕನಿಗೂ ಸ್ಥಾನ ಕಲ್ಪಿಸಬೇಕಾದುದು ಈ ಕಾರಣದಿಂದಲೇ.