ಡೆಬಿಯನ್ ಸ್ಟೇಬಲ್ ಕೊಡುವ ಮಾತು

2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್‌ಗೆ ತಮ್ಮ ಡೆಬಿಯನ್ ಯಂತ್ರದ ಮೇಲೆ ಅನುಮಾನ ಬಂತು. ಎಸ್‌ಎಸ್‌ಎಚ್ ಲಾಗಿನ್‌ಗೆ ಎಂದಿಗಿಂತ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿತ್ತು. ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ಎಕ್ಸ್‌ಝಡ್ ಎಂಬ ಕಂಪ್ರೆಷನ್ ತಂತ್ರಾಂಶದ 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಯಾರೋ ಬೇಕೆಂದೇ ಹುದುಗಿಸಿಟ್ಟ ಕಳ್ಳಬಾಗಿಲು. ಮಾರ್ಚ್ 29ರಂದು ಅವರು ಅದನ್ನು ಬಯಲಿಗೆ ತರುವ ಹೊತ್ತಿಗೆ ಈ ವರ್ಷನ್‌ಗಳು ಡೆಬಿಯನ್ನಿನ ಅನ್‌ಸ್ಟೇಬಲ್ ಬ್ರಾಂಚನ್ನೂ ಟೆಸ್ಟಿಂಗ್ ಬ್ರಾಂಚನ್ನೂ ಹೊಕ್ಕಾಗಿತ್ತು. ಸ್ಟೇಬಲ್‌ಗೆ ಮಾತ್ರ ಬಂದಿರಲಿಲ್ಲ.

ಆ ದಿನ ನಾನು ನೋಡಿಕೊಳ್ಳುವ ಸರ್ವರ್‌ಗಳೆಲ್ಲ ಸ್ಟೇಬಲ್ ಮೇಲಿದ್ದವು. ನಿಟ್ಟುಸಿರು ಬಿಟ್ಟೆ, ಸುಳ್ಳೇಕೆ. ಆದರೆ ಇದೊಂದೇ ಘಟನೆಯನ್ನು ಹಿಡಿದು ಹಳೆಯದೇ ಸುರಕ್ಷಿತ ಎಂದು ತೀರ್ಮಾನಿಸುವವರ ಮಾತನ್ನು ನಾನು ಒಪ್ಪಲಾರೆ. ಅವರು 2008ನ್ನು ಮರೆತಿದ್ದಾರೆ.

2006ರಲ್ಲಿ ಡೆಬಿಯನ್ನಿನವರೇ ಓಪನ್‌ಎಸ್‌ಎಸ್‌ಎಲ್‌ನ ಕೋಡಿನಲ್ಲಿ ಸಣ್ಣದೊಂದು ತಿದ್ದುಪಡಿ ಮಾಡಿದರು. ತಪಾಸಣೆಯ ಉಪಕರಣವೊಂದು ಎಚ್ಚರಿಕೆ ಕೊಡುತ್ತಿತ್ತು, ಅದನ್ನು ಸುಮ್ಮನಾಗಿಸುವುದಷ್ಟೇ ಉದ್ದೇಶ. ಆದರೆ ತೆಗೆದುಹಾಕಿದ ಸಾಲೇ ಕೀಲಿಗಳಿಗೆ ಯಾದೃಚ್ಛಿಕತೆ ತುಂಬುವ ಸಾಲಾಗಿತ್ತು. ಉಳಿದದ್ದು ಪ್ರೊಸೆಸ್ ಸಂಖ್ಯೆ ಮಾತ್ರ. ಒಂದೊಂದು ಬಗೆಯ ಕೀಲಿಗೂ ಮೂವತ್ಮೂರು ಸಾವಿರಕ್ಕಿಂತ ಕಡಿಮೆ ಸಾಧ್ಯತೆ. ಒಂದು ಲ್ಯಾಪ್‌ಟಾಪ್ ಕೂತು ಎಲ್ಲವನ್ನೂ ಪಟ್ಟಿ ಮಾಡಿಬಿಡಬಹುದು. ಈ ದೋಷ 2007ರ ಡೆಬಿಯನ್ 4.0ರೊಳಗೆ ಸೇರಿ, ಸ್ಟೇಬಲ್ ಎಂಬ ಮುದ್ರೆಯನ್ನೂ ಹೊತ್ತು, 2008ರ ಮೇ 13ರಂದು ಪ್ರಕಟವಾಗುವವರೆಗೂ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇತ್ತು. ಒಳ್ಳೆಯದನ್ನು ಕಾಯುವಷ್ಟೇ ನಿಷ್ಠೆಯಿಂದ ಸ್ಟೇಬಲ್ ತಪ್ಪನ್ನೂ ಕಾಯುತ್ತದೆ.

ಹಾಗಾದರೆ ಈ ಬ್ರಾಂಚ್ ಕೊಡುವ ಮಾತು ಏನು? ನಿಮಗೆ ಹೇಳದೆ ಇದು ಬದಲಾಗುವುದಿಲ್ಲ, ಅಷ್ಟೇ. ಫ್ರೀಬಿಎಸ್‌ಡಿಯಲ್ಲಿ ಇದೇ ಪದಕ್ಕೆ ಇನ್ನೊಂದು ಅರ್ಥ: ಅಲ್ಲಿನ ಸ್ಟೇಬಲ್ ಇನ್ನೂ ಕೆಲಸ ನಡೆಯುತ್ತಿರುವ ಬ್ರಾಂಚ್, ಸರ್ವರ್‌ಗೆ ಹಾಕಬೇಕಾದದ್ದು ರಿಲೀಸ್. ಹೆಸರು ನೋಡಿ ಮೋಸಹೋದವರು ಬೇಕಾದಷ್ಟಿದ್ದಾರೆ.

ಡೆಬಿಯನ್ನಿನಲ್ಲಿ ನನಗೆ ನಿಜವಾಗಿ ಗೌರವವಿರುವುದು ಪ್ಯಾಚ್ ಕೆಲಸದ ಬಗ್ಗೆ. 2023ರ ಜೂನ್ 10ರಂದು ಬುಕ್‌ವರ್ಮ್ ಎಂಬ ಕೋಡ್‌ನೇಮ್‌ನ ಸ್ಟೇಬಲ್ ಬಂದಾಗ ಸಾವಿರಾರು ಪ್ಯಾಕೇಜ್‌ಗಳ ವರ್ಷನ್‌ಗಳು ಅಲ್ಲಿಗೇ ನಿಂತವು. ಆಮೇಲೆ ಯಾವುದರಲ್ಲಾದರೂ ರಂಧ್ರ ಕಂಡರೆ ಭದ್ರತಾ ತಂಡ ಸಾಮಾನ್ಯವಾಗಿ ಹೊಸ ವರ್ಷನ್ ತಂದು ಕೂರಿಸುವುದಿಲ್ಲ. ಅದರಿಂದ ಬೇಕಾದ ತಿದ್ದುಪಡಿಯನ್ನಷ್ಟೇ ಬಿಡಿಸಿ ತಂದು ಹಳೆಯ ಕೋಡಿಗೆ ಹೊಲಿಯುತ್ತದೆ. ಕೆಲಸ ಮುಗಿದಾಗ ಕಾಣುವ ಬದಲಾವಣೆ ವರ್ಷನ್ ಸಂಖ್ಯೆಯ ಬಾಲದಲ್ಲಿ ಬರುವ ಪುಟ್ಟ ಗುರುತು ಮಾತ್ರ. ಈ ಗುರುತನ್ನು ಓದಲು ಬಾರದ ಆಡಿಟ್‌ನವರು ಮುಂದಿನ ಸಂಖ್ಯೆಯನ್ನಷ್ಟೇ ನೋಡಿ, ನಿಮ್ಮ ಓಪನ್‌ಎಸ್‌ಎಸ್‌ಎಚ್ ಹಳೆಯದು, ರಂಧ್ರಗಳಿವೆ ಎಂದು ವರದಿ ಬರೆಯುತ್ತಾರೆ. ಅಂಥ ವರದಿಗಳಿಗೆ ಒಂದೊಂದಾಗಿ ಉತ್ತರ ಬರೆಯುತ್ತ ಕೂತ ದಿನಗಳಿವೆ. ಆದರೂ ಆ ಕಾಣದ ಹೊಲಿಗೆಯಿಂದಾಗಿಯೇ ರಾತ್ರಿ ಹತ್ತಕ್ಕೆ ಭದ್ರತಾ ಅಪ್‌ಡೇಟ್ ಹಾಕಿ, ಬೆಳಿಗ್ಗೆ ಬಿಲ್ಲಿಂಗ್ ನಿಲ್ಲದು ಎಂಬ ಧೈರ್ಯದಿಂದ ಮಲಗಲು ಸಾಧ್ಯ.

ಕಠಿಣವಾಗಿ ಹೇಳಬೇಕಾದದ್ದು ಟೆಸ್ಟಿಂಗ್ ಬಗ್ಗೆ. ಸ್ಟೇಬಲ್ ತೀರಾ ಹಳತು, ಅನ್‌ಸ್ಟೇಬಲ್ ತೀರಾ ಹೊಸತು, ಟೆಸ್ಟಿಂಗ್ ನಡುವಿನ ದಾರಿ ಎಂದು ಎಷ್ಟೋ ಜನ ನಂಬಿ ಸರ್ವರ್‌ಗೆ ಅದನ್ನೇ ಹಾಕುತ್ತಾರೆ. ನೋಡಲು ನ್ಯಾಯವಾಗಿಯೇ ಇದೆ. ಆದರೆ ಅದರ ನಡೆ ಗಮನಿಸಿ. ಒಂದು ಪ್ಯಾಕೇಜ್ ಅನ್‌ಸ್ಟೇಬಲ್‌ನಲ್ಲಿ ಕೆಲವು ದಿನ ಇದ್ದು, ಗಂಭೀರ ಬಗ್ ಇಲ್ಲವೆಂದಾದ ಮೇಲೆ ಟೆಸ್ಟಿಂಗ್‌ಗೆ ಇಳಿಯುತ್ತದೆ. ಭದ್ರತಾ ತಿದ್ದುಪಡಿ ಬರುವುದೂ ಹೆಚ್ಚಾಗಿ ಇದೇ ಸರದಿಯಲ್ಲಿ. ಅದು ಅವಲಂಬಿಸಿದ ಇನ್ನೊಂದು ಪ್ಯಾಕೇಜ್ ಎಲ್ಲೋ ಸಿಕ್ಕಿಕೊಂಡಿದ್ದರೆ ತಿದ್ದುಪಡಿಯೂ ಅಲ್ಲೇ ಕಾಯುತ್ತದೆ, ನಿಮ್ಮ ಸರ್ವರ್ ಬಾಗಿಲು ತೆರೆದುಕೊಂಡು ಕೂತಿರುತ್ತದೆ. ಬಗ್ ಬಗೆಹರಿಯದ ಪ್ಯಾಕೇಜನ್ನು ಟೆಸ್ಟಿಂಗ್‌ನಿಂದ ಕಿತ್ತೇ ಹಾಕುವುದೂ ಉಂಟು. ಅನ್‌ಸ್ಟೇಬಲ್‌ನ ವೇಗವೂ ಇಲ್ಲ, ಸ್ಟೇಬಲ್‌ನ ಕಾವಲೂ ಇಲ್ಲ. ಮುಂದಿನ ಬಿಡುಗಡೆಯನ್ನು ಹದಗೊಳಿಸಲು ಅದು ಅಮೂಲ್ಯ. ಗಿರಾಕಿಗಳ ದತ್ತಾಂಶ ಇಡುವ ಜಾಗವಂತೂ ಅಲ್ಲ.

ಬ್ರಾಂಚಿನ ಹಿಂದೆ ಯಾರಿದ್ದಾರೆ ಎಂಬುದೂ ಆಯ್ಕೆಯ ಭಾಗ. ಸೆಂಟ್‌ಒಎಸ್ 8 2029ರವರೆಗೆ ನಡೆಯುತ್ತದೆಂದು ನಂಬಿ ಸಾವಿರಾರು ಕಡೆ ಹಾಕಿಕೊಂಡರು. 2020ರ ಡಿಸೆಂಬರ್‌ನಲ್ಲಿ ಅದನ್ನು 2021ರ ಕೊನೆಗೇ ಮುಗಿಸುವ ಪ್ರಕಟಣೆ ಬಂತು. ಡೆಬಿಯನ್ ಮೂರು ವರ್ಷ ಪೂರ್ಣ ಬೆಂಬಲ ಕೊಡುತ್ತದೆ, ನಂತರದ ಎರಡು ವರ್ಷವನ್ನು ಎಲ್‌ಟಿಎಸ್ ಎಂಬ ಬೇರೆಯೇ ತಂಡ ನೋಡಿಕೊಳ್ಳುತ್ತದೆ. ಅವಧಿ ದೊಡ್ಡದೇನಲ್ಲ. ಆದರೆ ಈ ಲೆಕ್ಕವನ್ನು ಒಂದು ಕಂಪನಿ ಒಂದೇ ದಿನದಲ್ಲಿ ಬದಲಿಸುವಂತಿಲ್ಲ, ನನಗೆ ಬೇಕಾದದ್ದೂ ಅದೇ.

ಸ್ಟೇಬಲ್‌ನಲ್ಲಿ ಕೊರತೆ ಇದೆ. ಬುಕ್‌ವರ್ಮ್‌ನಲ್ಲಿದ್ದದ್ದು ಪಿಎಚ್‌ಪಿ 8.2; ಅಪ್ಲಿಕೇಶನ್ ಬರೆಯುವವರು 8.4 ಕೇಳಿದರೆ ಕೊಡಲು ಕೈಯಲ್ಲಿರಲಿಲ್ಲ. ಇದಕ್ಕಾಗಿ ಇಡೀ ಸರ್ವರನ್ನೇ ಬೇರೆ ಬ್ರಾಂಚಿಗೆ ಎಳೆಯುವುದು ಒಂದು ಕಿಟಕಿಗಾಗಿ ಮನೆ ಕೆಡವಿದಂತೆ. ಬೇಕಾದ ಆ ಒಂದನ್ನು ಕಂಟೇನರ್‌ನಲ್ಲಿ ಇಟ್ಟರೆ ಸಾಕು, ಅದರ ಪ್ಯಾಚಿನ ಹೊಣೆ ಇನ್ನು ನಮ್ಮದೇ ಎಂಬ ಅರಿವಿನೊಂದಿಗೆ.

ಕಡೆಯದಾಗಿ, ಬಹಳ ಜನ ಎಡವುವ ಜಾಗ. ಪ್ಯಾಕೇಜ್‌ಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್ ಕಡತದಲ್ಲಿ ಬುಕ್‌ವರ್ಮ್‌ನಂಥ ಕೋಡ್‌ನೇಮ್ ಬರೆಯಬೇಕೇ ಹೊರತು ಸ್ಟೇಬಲ್ ಎಂದಲ್ಲ. ಸ್ಟೇಬಲ್ ಎಂಬುದು ಕುರ್ಚಿಯ ಹೆಸರು, ಕೂರುವವರು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ. 2025ರ ಆಗಸ್ಟ್ 9ರ ಶನಿವಾರ ಆ ಕುರ್ಚಿಗೆ ಟ್ರಿಕ್ಸಿ, ಅಂದರೆ ಡೆಬಿಯನ್ 13, ಬಂತು. ಕೋಡ್‌ನೇಮ್ ಬದಲಾಗಿದೆ, ಒಪ್ಪುತ್ತೀರಾ ಎಂದು ಪ್ಯಾಕೇಜ್ ತರುವ ಆಪ್ಟ್ ತಡೆದು ಕೇಳುತ್ತದೆ ನಿಜ, ಆದರೆ ಅವಸರದಲ್ಲಿರುವವರು ಹೂಂ ಅಂದುಬಿಡುತ್ತಾರೆ. ನಾವು ಸೆಪ್ಟೆಂಬರ್ 6ಕ್ಕೆ 13.1 ಬರುವವರೆಗೆ ಕಾದೆವು. ಪೋಸ್ಟ್‌ಗ್ರೆಸ್ 15ರ ದತ್ತಾಂಶವನ್ನು ಬೇರೊಂದು ಯಂತ್ರದಲ್ಲಿ 17ಕ್ಕೆ ಸಾಗಿಸಿ, ವಾರವಿಡೀ ಲೆಕ್ಕ ತಾಳೆ ನೋಡಿದ ಮೇಲೆಯೇ ಮೊದಲ ಸರ್ವರ್‌ನ ಕಡತದಲ್ಲಿ ಹೆಸರು ತಿದ್ದಿದ್ದು.